ಬೆನ್ನಿಗೆ ತೋರಿಸಿದ ಅಂಗೈ

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಮುತ್ತುಗಳು. ನಿನ್ನ ಕಾಗದ ಬಂದಾಗಿನಿಂದ ಓದುವುದು, ಮಡಚಿಡುವುದು, ಮತ್ತೆ ತೆಗೆಯುವುದು, ಇದೇ ಆಗಿದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಈ ವಾರ ಹೊದಿಕೆಗಳ ಗುಡ್ಡವೇ ಬಿದ್ದಿತ್ತು. ಇಸ್ತ್ರಿ ಹಿಡಿದ ಕೈ ಪೆನ್ನು ಹಿಡಿಯಲು ಒಲ್ಲೆ ಎನ್ನುತ್ತಿದೆ. ಅಕ್ಷರ ಕೋಳಿ ಕೆದರಿದಂತಿದ್ದರೆ ನಗಬೇಡ.

ನಿಮ್ಮಪ್ಪ ಒಳಗೆ ಮಲಗಿದ್ದಾರೆ. ರಾತ್ರಿಯೆಲ್ಲ ಬ್ರೆಡ್ ಕಾರ್ಖಾನೆಯಲ್ಲಿ ದುಡಿದು ಬಂದವರು. ನೀನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಹಗಲೆಂದರೆ ಪಿಸುಮಾತು. ನಮ್ಮನೆಯ ಪಾತ್ರೆಗಳಿಗೂ ಸದ್ದು ಮಾಡಬಾರದೆಂದು ಬುದ್ಧಿ ಹೇಳಿ ಬೆಳೆಸಿದ್ದಾರೆ ಎಂದು ನೀನೇ ಹಾಸ್ಯ ಮಾಡುತ್ತಿದ್ದೆ. ಯಾರಾದರೂ ದನಿ ಏರಿಸಿದರೆ ಅಂಗೈ ಎತ್ತಿ ತೋರಿಸುವುದು, ಎಲ್ಲರೂ ಗಪ್‌ಚುಪ್. ಇಂಥ ಮನೆಯ ಹುಡುಗಿ ಕಾಲೇಜಿನಲ್ಲಿ ಸೇನಾಧಿಕಾರಿಯ ತರಬೇತಿಗೆ ಸೇರಿದ್ದಾಳೆಂದರೆ ಲಾಂಡ್ರಿಯ ಹೆಂಗಸರು ನಂಬಲೇ ಇಲ್ಲ.

ಕೂಗಲು ದನಿ ಏಳುತ್ತಿಲ್ಲ, ಬರುವ ಶನಿವಾರದ ಪರೀಕ್ಷೆಯಲ್ಲಿ ತಂಡ ನನ್ನ ಆಜ್ಞೆಯಂತೆ ನಡೆಯದಿದ್ದರೆ ತರಬೇತಿಯಿಂದ ಹೊರಗೆ ಹಾಕುತ್ತಾರೆ, ಅದಕ್ಕೆ ಮೊದಲೇ ಮರ್ಯಾದೆಯಾಗಿ ಬಿಟ್ಟು ಬರುತ್ತೇನೆ ಎಂದು ಬರೆದಿದ್ದೀಯ. ನಿಜ ಹೇಳಲೇ? ನನಗೆ ಸಂತೋಷವಾಯಿತು. ನೀನು ಸೈನ್ಯಕ್ಕೆ ಹೋಗುವುದು ನನಗೆ ಬೇಕಿಲ್ಲ. ಎಲ್ಲಿಗೋ ಕಳಿಸುತ್ತಾರೆ, ಏನೋ ಆಗಿಬಿಡುತ್ತದೆ ಎಂದು ಹೆದರಿ ಹೆದರಿ ಸಾಕಾಗಿದೆ.

ಅದಕ್ಕೇ ಮೊನ್ನೆ ಶುಕ್ರವಾರ ರಜೆ ಹಾಕಿ, ಖಾಲಿ ಚೀಲ ಹಿಡಿದು, ನಿನ್ನನ್ನು ಕರೆತರಲೆಂದೇ ನಿನ್ನ ಕಾಲೇಜಿಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಮೈದಾನದ ತಂತಿಬೇಲಿಯ ಆಚೆ ನಿಂತಿದ್ದೆ.

ತಂಡ ನಿನಗೆ ಬೆನ್ನು ಹಾಕಿ ನಡೆಯುತ್ತಿತ್ತು. ಎದುರಿಗೆ ಪೊದೆ. ನಿಲ್ಲಿಸಬೇಕಾದವಳು ನೀನು. ನೀನೇನು ಮಾಡಿದೆ? ಅಂಗೈ ಎತ್ತಿ ತೋರಿಸಿದೆ! ಅಯ್ಯೋ ನನ್ನ ಕಂದ, ಅವರ ಬೆನ್ನಿಗೆ ಕಣ್ಣಿದೆಯೇ? ಮುಂದಿನ ಸಾಲು ಸೀದಾ ಪೊದೆಗೇ ನುಗ್ಗಿತು. ನನಗೆ ನಗು, ಅಳು ಒಟ್ಟೊಟ್ಟಿಗೆ ಬಂತು. ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ ಅಂತ ನಿಮಗೆ ತರಬೇತಿ ಕೊಡುವ ಸಾರ್ಜೆಂಟ್ ಗದರಿದ್ದು ರಸ್ತೆಯವರೆಗೂ ಕೇಳಿಸಿತು. ಇನ್ನು ಚೀಲ ತುಂಬಿಸುವುದೊಂದೇ ಬಾಕಿ ಎಂದುಕೊಂಡೆ.

ಆದರೆ ನೀನು ಟೋಪಿ ಸರಿಮಾಡಿಕೊಂಡು ಮತ್ತೆ ಹೋಗಿ ನಿಂತೆ. ಮತ್ತೆ ತಪ್ಪಿತು. ಮತ್ತೂ ನಿಂತೆ. ಬಿಟ್ಟು ಬರುವ ಹುಡುಗಿ ಹಾಗೆ ನಿಲ್ಲುವುದಿಲ್ಲ ಮಗಳೇ. ನನ್ನನ್ನು ಕಂಡರೆ ಓಡಿ ಬಂದುಬಿಡುತ್ತೀಯ ಎನ್ನಿಸಿತು. ಕಾಣಿಸಿಕೊಳ್ಳದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಈಗಲೂ ಬರುವುದಾದರೆ ಬಾ. ನಿನ್ನ ಮಂಚ ಹಾಗೇ ಇದೆ. ಬರಬೇಡ ಎನ್ನುವಷ್ಟು ಗಟ್ಟಿ ಮನಸ್ಸು ನನಗಿಲ್ಲ. ಕೂಗು ಎನ್ನೋಣವೆಂದರೆ, ಹೇಗೆ ಕೂಗಬೇಕೆಂದು ನನಗೇ ಮರೆತುಹೋಗಿದೆ.

ಇಂತಿ ನಿನ್ನ ದಣಿದ
ಅಮ್ಮ

ತಾ.ಕ.: ಕಾಗದ ಮಡಚುತ್ತಿದ್ದಾಗ ನಿಮ್ಮಪ್ಪ ನೀರು ಕುಡಿಯಲು ಎದ್ದು ಬಂದರು. ನನ್ನ ಕಣ್ಣು ನೋಡಿ ಏನಾಯ್ತು ಅಂತ ಕೇಳಿದರು. ಎಲ್ಲ ಹೇಳಿದೆ. ಅಷ್ಟೇನಾ ಅಂದವರೇ, ನಡುಮನೆಯಲ್ಲಿ ಕಾಲೂರಿ ನಿಂತು, ನಿಲ್ಸೋ ಅಂತ ಒಂದು ಕೂಗು ಹಾಕಿದರು ನೋಡು, ಪಕ್ಕದ ಮನೆಯವರು ಕಿಟಕಿ ತೆರೆದರು. ಯಂತ್ರಗಳ ಗದ್ದಲದಲ್ಲಿ ರಾತ್ರಿಯೆಲ್ಲ ಹಾಗೆಯೇ ಕೂಗಬೇಕಂತೆ, ಇಲ್ಲದಿದ್ದರೆ ಯಾರದಾದರೂ ಕೈ ಹೋಗುತ್ತದಂತೆ. ಇಷ್ಟು ವರ್ಷ ಸಂಸಾರ ಮಾಡಿಯೂ ಆ ದನಿಯನ್ನು ನಾನು ಕೇಳಿರಲಿಲ್ಲ. ಗಂಟಲಿಂದಲ್ಲ, ಹೊಟ್ಟೆಯಿಂದ ಕೂಗಬೇಕಂತೆ. ಆಮೇಲೆ, ಅಪ್ಪ ಎದ್ದಿದ್ದಾರೆ, ಇನ್ನು ಕೂಗ್ಬಹುದು ಅಂತ ಅವಳಿಗೆ ಬರಿ ಅಂದರು. ಬರೆದಿದ್ದೇನೆ.