ಒಂದು ಮಿಳ್ಳಿ ತುಪ್ಪ

ಇಚಲಕರಂಜಿ,
ತಾ. 18-11-1963

ಚಿ. ಸೌ. ಅಲಕಾಗ ನಿನ್ನ ಕಾಕಾ ಧರಣೇಂದ್ರನ ಆಶೀರ್ವಾದ.

ಗಡಹಿಂಗ್ಲಜದಿಂದ ನೀ ಹಾಕಿದ ಕಾಗದ ಮುಟ್ಟಿ ತಿಂಗಳಾತು. ತೊಟ್ಟಿಲಿಗೆ ಕರದಿದ್ದಿ, ಬರಲಿಲ್ಲ, ಉತ್ತರಾನೂ ಬರೀಲಿಲ್ಲ. ಸಿಟ್ಟಾಗಿದ್ರ ತಪ್ಪಿಲ್ಲ. ಎರಡು ಸಲ ಬರದು ಹರದ ಹಾಕೇನಿ. "ಎಂಟು ವರ್ಷದ ಮ್ಯಾಲೆ ಹುಟ್ಟಿದ ಕೂಸು, ಮದಲ ಕಾಕು ನೋಡಬೇಕು" ಅಂತ ಬರದಿದ್ದಿಯಲ್ಲ, ನಮ್ಮನಿಯಾಕಿಗೆ ಕಾಗದ ಓದಿ ಹೇಳೂವಾಗ ಆ ಸಾಲು ಬಿಟ್ಟು ಓದಿದೆ. ಕಾಕೂಗ ಈಗ ಕಣ್ಣು ಕಾಣೂದಿಲ್ಲವ್ವಾ. ಎರಡೂ.

ನಿನ್ನ ಮಡಿಲಾಗ ಕೂಸು ಬರೂತನಕ ಎಣ್ಣಿ, ತುಪ್ಪ, ಹಾಲು ಮುಟ್ಟೂದಿಲ್ಲಂತ ಆಕಿ ನೇಮ ಹಿಡದಿದ್ದು ನಿನಗ ಗೊತ್ತಿದ್ದದ್ದ. ಮೂರೂವರಿ ವರ್ಷ ನಡಸಿದಳು. ನಡುವ ಹೊಟ್ಟಿ ಕೆಟ್ಟು ಭಾಳ ದಿನ ಭೇದಿ ಆಗಾಕತ್ತಿತ್ತು. ನಮ್ಮ ಮನ್ಯಾಗ ಊಟ ಹೊತ್ತು ಮುಳುಗೂದ್ರಾಗ ಮುಗೀತೈತಿ. ಆಮ್ಯಾಲೆ ಆಕಿ ಮೂಲಿ ಹಿಡದು ಕೂಡ್ತಿದ್ದಳು. ಕೇಳಿದ್ರ "ಜಪ ಮಾಡಾಕತ್ತೇನ್ರಿ" ಅಂತಿದ್ದಳು. ಸಂಜಿ ಆದಮ್ಯಾಲೆ ಕಣ್ಣು ಕಾಣದಂಗ ಆಗಿದ್ದು ಹಿಂಗ ಮುಚ್ಚಿಹೋತು. ತಿಳಿದ ಮ್ಯಾಲೆ ನಾ ಒಂದು ಮರಾಠಿ ಪುಸ್ತಕ ಓದಿ, ಕಣ್ಣಿಗೆ ಚಲೋ ಅಂತ ದಿನಾ ನುಗ್ಗಿ ತಪ್ಪಲ ತಂದೆ. ನೇಮ ಮುರೀಬಾರದಂತ ಬರೇ ನೀರಾಗ ಕುದಿಸಿ ಕೊಟ್ಟೆ.

ಕಡಿಕ ಹಗಲೂ ಕಾಣದಂಗ ಆದಮ್ಯಾಲೆ ಕೊಲ್ಹಾಪುರಕ್ಕ ಕರಕೊಂಡು ಹೋದ್ರ, ಅಲ್ಲಿ ಡಾಕ್ಟರು ಹಣಿ ಬಡಕೊಂಡ್ರು. "ಅಹೋ ಕಾಕಾ, ಕಣ್ಣಿನ ವಿಟಮಿನ್ ನೀರಾಗ ಕರಗೂದಿಲ್ಲ, ಜಿಡ್ಡಿನಾಗ ಕರಗತೈತಿ. ಪಿತ್ತ ಆ ಜಿಡ್ಡನ್ನ ಸಣ್ಣ ಹನಿ ಮಾಡತೈತಿ. ಆ ಹನಿ ಜೋಡಿ ವಿಟಮಿನ್ ಕರುಳಿನ ಗ್ವಾಡಿ ದಾಟಿ ಮೈಗೆ ಸೇರತೈತಿ. ಜಿಡ್ಡಿಲ್ಲ, ಮ್ಯಾಲೆ ಭೇದಿ. ತಿಂದ ತಪ್ಪಲ ಬಂದ ಹಾದೀಲೆ ಹೋತು." ನಾ ಮಗ್ಗದಾಂವ, ನನಗ ತಟ್ಟನೆ ತಿಳೀತು: ನೂಲು ಎಷ್ಟರ ಇರಲಿ, ಲಾಳಿ ಇಲ್ಲದ ಈ ದಂಡಿಯಿಂದ ಆ ದಂಡಿಗೆ ಹೆಂಗ ಹೋದೀತು?

ನಿಮ್ಮ ಕಾಕು ಅಲ್ಲೂ ಚೇಷ್ಟಿ ಬಿಡಲಿಲ್ಲ. "ಡಾಕ್ಟರ್, ನಮ್ಮನಿಯವರು ವರ್ಷಗಟ್ಟಲೆ ನನ್ನ ಆಡಿನಂಗ ಮೇಯಿಸ್ಯಾರ್ರಿ, ಕೋಡಷ್ಟ ಮೂಡಿಲ್ಲ!" ಅಂದಳು. ಡಾಕ್ಟರು ನಗಲಿಲ್ಲ. ಸೂಜಿ ಹಾಕಿದ್ರ ಮೈ ಸುಧಾರಿಸೀತು, ಕಣ್ಣಿನ ಮ್ಯಾಲೆ ಬಿದ್ದ ಹೂ, ಆ ಬಿಳೀ ಪೊರಿ, ಮಾತ್ರ ಹೋಗೂದಿಲ್ಲ ಅಂದ್ರು. ಮತ್ತೊಮ್ಮೆ ಕೇಳಿದೆ. ಅದನ್ನ ಹೇಳಿದ್ರು.

ಕೂಸು ಯಾರ್ಹಂಗೈತಿ ಅಂತ ಬರಿ. ಮೂಗು, ಗದ್ದ, ಎಲ್ಲಾ ಬಿಡಿಸಿ ಬರಿ. ನಿನ್ನ ಕಾಗದ ದಿನಾ ಓದ್ರಿ ಅಂತ ನನಗ ಗಂಟು ಬೀಳ್ತಾಳ. ತಾಯಿ ಮಗ ಇಬ್ಬರೂ ನೂರು ವರ್ಷ ಬಾಳ್ರಿ. ನೀ ಚೆಂದಗೆ ತುಪ್ಪಾ ಉಣ್ಣವ್ವಾ.

ನಿನ್ನ ಕಾಕಾ,
ಧರಣೇಂದ್ರ

ತಾ. ಕ. ಇದು ನಿನ್ನ ಸಲುವಾಗಿ ಆತಂತ ತಿಳೀಬ್ಯಾಡ. ಹ್ವಾದ ಚಳಿಗಾಲದಾಗ ಆಕಿ ತಾನ ಕೇಳಿದ್ದಳು: "ಯಾಕೋ ಭಾಳ ಆಸಿ ಆಗೈತ್ರಿ, ಅನ್ನದ ಮ್ಯಾಲೆ ಒಂದು ಮಿಳ್ಳಿ ತುಪ್ಪ ಹಾಕ್ರಿ. ಮುನಿ ಮಹಾರಾಜರ ಕಡೆ ಪ್ರಾಯಶ್ಚಿತ್ತ ತಗೋತೇನಿ." ನಾ ನಕ್ಕು, "ಇಷ್ಟಕ್ಕ ಸೋತಿ?" ಅಂದೆ. ಮತ್ತ ಕೇಳಲಿಲ್ಲ. ಈಗ ದಿನಾ ಎರಡು ಮಿಳ್ಳಿ ಹಾಕ್ತೇನಿ. ತಾಟಿನಾಗ ಎಲ್ಲಿ ಬಿದ್ದೈತಂತ ಬೆರಳಿಲೆ ಹುಡುಕತಾಳ.