ಐದು ಗಂಟೆಯ ಬಸ್ಸು

ಫೆಬ್ರವರಿ 27, 2009, ಶುಕ್ರವಾರ. ದುಖಾನ್, ಕತಾರ್

ಎಂದಿನಂತೆ ಎಂಟಕ್ಕೆ ಕಂಪನಿ ಕ್ಯಾಂಪ್ ಬಿಟ್ಟೆವು. ಅಬು ಹಮೂರ್ ಇಗರ್ಜಿಯಲ್ಲಿ ಬಲಿಪೂಜೆ, ಆಮೇಲೆ ದೋಹಾ ಪೇಟೆ, ಐದಕ್ಕೆ ವಾಪಸ್. ಹೊರಡುವ ಮುಂಚೆ ತಲೆ ಎಣಿಸಿದೆ. ಒಂದು ಕಡಿಮೆ. ಫೋನ್ ಕಾರ್ಡ್ ತರಲು ಹೋದವರು. ಕಾದೆವು. ತಲೆ ಭರ್ತಿಯಾಗದೆ ಬಸ್ ಬಿಡುವಂತಿಲ್ಲ – ಬಸ್ ಕಮಿಟಿಗೆ ಮೊದಲ ಸಲ ಆರಿಸಿ ಬಂದಾಗ ನಾನೇ ಮಾಡಿದ ನಿಯಮ. ಅದಕ್ಕಿಂತ ಸ್ವಲ್ಪ ಮುಂಚೆ ಒಬ್ಬ ಹೆಂಗಸನ್ನು ಸೂಕ್ ಪೇಟೆಯಲ್ಲೇ ಬಿಟ್ಟು ಬಂದಿದ್ದರು. ಅದನ್ನು ಹೇಳಿಯೇ ಗೆದ್ದೆ. ಆಮೇಲೆ ಎರಡು ಸಲ ಅವಿರೋಧ.

ಈ ಸಲ ಹಾಗಲ್ಲ. ಸ್ಟೋರ್ಸ್ ಸೆಕ್ಷನ್ನಿನ ನೊರ್ಬರ್ಟ್ ನಿಲ್ಲುತ್ತಾನೆ. ಹಿಂದಿನ ಸೀಟಿನಿಂದಲೇ ಘೋಷಿಸಿದ.

"ನಾನು ಬಂದರೆ ಒಂದಕ್ಕೆ ವಾಪಸ್. ನಮ್ಮ ಪೂಜೆ ಮುಗೀತು, ಡ್ರೈವರ್ ಅಬೂಬಕರಾಕನ ಜುಮಾ ನಮಾಜು ಮುಗೀತು, ಯಲ್ಲಾ, ಹೊರಡುವ. ಮನೆಗೆ ಹೋಗಿ ಮೀನು ಸಾರು ಉಂಡು ಮಲಗುವ. ಗೇಬ್ರಿಯಲಣ್ಣ ಬೇಕಾದ್ರೆ ಪೇಟೆ ಸುತ್ತಲಿ."

ಜನ ನಕ್ಕರು. ನಕ್ಕವರೇ ವೋಟು ಹಾಕುವವರು.

ಮಾರ್ಚ್ 6

ಹೆಂಡತಿ ಬೆನಿಟಾಳ ಆಸ್ಪತ್ರೆ ಡ್ಯೂಟಿ ಶುಕ್ರವಾರ ಎರಡರವರೆಗೆ. ಬದಲಾಯಿಸುವುದಿಲ್ಲ – ಕೇಳಿ ಆಯಿತು. ಅವಳು ದೋಹಾದಲ್ಲಿ, ನರ್ಸ್‌ಗಳ ಹಾಸ್ಟೆಲಿನಲ್ಲಿ. ನಾನು ಇಲ್ಲಿ ಬ್ಯಾಚುಲರ್ ಕ್ವಾರ್ಟರ್ಸ್‌ನಲ್ಲಿ. ನನ್ನ ಗ್ರೇಡಿಗೆ ಫ್ಯಾಮಿಲಿ ಮನೆ ಇಲ್ಲ. ಶುಕ್ರವಾರ ನನ್ನ ರಾತ್ರಿ ಪಾಳಿ ಏಳಕ್ಕೆ. ಅದಕ್ಕೆ ಸರಿಯಾಗಿ ಮುಟ್ಟಿಸುವುದು ಈ ಬಸ್ಸೊಂದೇ. ಎರಡರಿಂದ ಐದು. ಗಂಡ ಹೆಂಡತಿಯೆಂದು ನಮಗಿರುವುದು ಇಷ್ಟು. ಒಂದಕ್ಕೆ ಹೊರಟರೆ ಮುಖ ನೋಡುವ ಹಾಗೂ ಇಲ್ಲ.

ಜನವರಿಯಲ್ಲಿ ಹೊಟ್ಟೆಯಲ್ಲಿದ್ದ ಮಗು ನಿಲ್ಲಲಿಲ್ಲ. ಆಮೇಲೆ ಅವಳು ಸರಿಯಾಗಿ ಉಣ್ಣುವುದು ನಾನು ಎದುರು ಕೂತಾಗ ಮಾತ್ರ. ಹೇಳಿದ್ದು ರೂಮ್‌ಮೇಟ್, ಅವಳಲ್ಲ. ಇವತ್ತು ಕೆಫೆಟೇರಿಯಾದಲ್ಲಿ ಒಂದೂವರೆ ಪರೋಟ ತಿಂದಳು.

"ನೊರ್ಬರ್ಟ್ ನಿಂತಿದ್ದಾನೆ" ಎಂದೆ.

"ನಿಮ್ಮ ಎಲೆಕ್ಷನ್ ಪುರಾಣ ಸಾಕು ಮಾರಾಯ್ರೆ."

ಪರೋಟ ಮುರಿಯುತ್ತ ಅವಳೇ ಕೇಳಿದಳು – "ಗೆಲ್ತೀರಲ್ಲ?"

ಮಾರ್ಚ್ 20

ಚುನಾವಣೆ ನಡೆಸುವವರು ರೆಮಿಜಿಯಸ್ ಅಂಕಲ್. ಜನವರಿಯಲ್ಲಿ ಕಂಪನಿ ಜೀಪಿನಲ್ಲಿ ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದವರೂ ಅವರೇ. ಕ್ಯಾಂಪಿನಲ್ಲಿ ಅವರಿಗೊಬ್ಬರಿಗೇ ಗೊತ್ತು.

"ಬೆನಿಟಾಳ ವಿಷಯ ಬಸ್ಸಿನಲ್ಲಿ ಹೇಳು ಗೇಬ್ರಿಯಲ್. ಹೆಂಗಸರು ಪೂರಾ ನಿನ್ನ ಕಡೆ."

ಆಗುವುದಿಲ್ಲ ಎಂದೆ. ಅವಳು ಊರಿನಲ್ಲಿ ತಾಯಿಗೂ ಹೇಳಿಲ್ಲ. ಅದನ್ನು ಬಸ್ಸಿನ ನಡುವೆ ಇಟ್ಟು ಕೈ ಎತ್ತಿಸಲೇ?

ದಿನ ಗೊತ್ತುಮಾಡುವ ಹಕ್ಕು ಹಾಲಿ ಮೆಂಬರಿನದು. ಶುಭ ಶುಕ್ರವಾರ ಎಂದೆ. ವರ್ಷಕ್ಕೊಮ್ಮೆ ಇಗರ್ಜಿ ಕಾಣುವ ಬ್ಯಾಚುಲರ್‌ಗಳೆಲ್ಲ ಅವತ್ತು ಬರುತ್ತಾರೆ. ಪೇಟೆ ಬೇಕಾದವರು ಅವರೇ. ಪ್ರಾರ್ಥನೆ ಮೂರಕ್ಕೆ, ವಾಪಸಾಗುವಾಗ ಹೇಗೂ ಸಂಜೆ. ಎಲ್ಲ ಕಡೆಯಿಂದಲೂ ಯೋಚಿಸಿದ್ದೇನೆ.

ಏಪ್ರಿಲ್ 10, ಶುಭ ಶುಕ್ರವಾರ

ಸೋತೆ.

ಉಪವಾಸದ ದಿನ ಎನ್ನುವುದು ತಲೆಗೇ ಬರಲಿಲ್ಲ. ಬೆಳಿಗ್ಗೆ ಗಂಜಿ ಕುಡಿದು ಬಂದವರು. ಒಳಗೆ ಜಾಗ ಸಾಲದೆ ಬಿಸಿಲಿನಲ್ಲಿ ನಿಂತವರು. ಶಿಲುಬೆಗೆ ಮುತ್ತಿಡುವ ಸಾಲು ಮುಗಿಯುವುದೇ ಇಲ್ಲ. ಬಸ್ಸಿನಲ್ಲಿ ಒಬ್ಬರ ಮಾತಿಲ್ಲ – ಇಂಥ ದಿನ ಮಾತಾಡುವುದೂ ಇಲ್ಲವಲ್ಲ. ನಾನು ಭಾಷಣ ಮಾಡುವುದು ಹೇಗೆ? ನೊರ್ಬರ್ಟ್ ಬಾಯಿ ತೆರೆಯಬೇಕಾಗಲಿಲ್ಲ. ಹಸಿದ ಮಕ್ಕಳೇ ಅವನ ಪ್ರಚಾರ ಮಾಡಿದರು.

"ಒಂದು ಗಂಟೆಯವರು" ಎಂದರು ರೆಮಿಜಿಯಸ್ ಅಂಕಲ್. ಬ್ಯಾಚುಲರ್‌ಗಳ ಕೈಗಳೂ ಎದ್ದವು. ಒಬ್ಬ ಮೆಲ್ಲಗೆ ಹೇಳಿದ, "ಸಾರಿ ಗೇಬ್ರಿಯಲಣ್ಣ. ಕಣ್ಣು ಕತ್ತಲೆ ಬರ್ತಾ ಉಂಟು."

ಬೆನಿಟಾಳಿಗೆ ಇನ್ನೂ ಫೋನ್ ಮಾಡಿಲ್ಲ.

ಏಪ್ರಿಲ್ 17

ಒಂದಕ್ಕೆ ಹೊರಟಿತು. ನೊರ್ಬರ್ಟ್ ತಲೆ ಎಣಿಸಿದ, ನನ್ನದೂ. ತಿಂಗಳಿಗೆ ಒಂದು ಶುಕ್ರವಾರವಾದರೂ ಐದಕ್ಕೆ ಇಡು ಎಂದು ಕೇಳಿಕೊಂಡೆ.

"ಕೈ ಎತ್ತಿ ಆಯ್ತು, ಖಲಾಸ್. ನೀವೇ ಹೇಳ್ತಾ ಇದ್ದದ್ದಲ್ವ?"

ಎರಡರ ಹೊತ್ತಿಗೆ ದುಖಾನ್ ರಸ್ತೆಯಿಂದ ಅವಳಿಗೆ ಫೋನ್. ಊಟ ಆಯ್ತು ಎಂದಳು. ಏನು ಊಟ ಎಂದರೆ ಹೇಳಲಿಲ್ಲ...

ಏಪ್ರಿಲ್ 24. ಮಧ್ಯಾಹ್ನ 1.20, ಆಸ್ಪತ್ರೆ ಗೇಟು

ಪೂಜೆ ಮುಗಿದ ಕೂಡಲೇ ಟ್ಯಾಕ್ಸಿ ಹಿಡಿದು ಬಂದೆ. ವಾರವಿಡೀ ಅವಳು ಬರೀ ಬಿಸ್ಕೆಟ್‌ನಲ್ಲಿದ್ದಾಳಂತೆ. ನಿನ್ನೆ ರೂಮ್‌ಮೇಟ್ ಹೇಳಿದ್ದು.

ನೊರ್ಬರ್ಟ್‌ನ ಫೋನ್. "ಎಲ್ಲಿದ್ದೀರಿ? ತಲೆ ಒಂದು ಕಡಿಮೆ. ಬಿಡುವ ಅಂದ್ರೆ ಅಬೂಬಕರಾಕ ಗೇರೇ ಹಾಕುದಿಲ್ಲ. ನಿಮ್ಮದೇ ರೂಲಂತೆ."

ಆಸ್ಪತ್ರೆ ಹತ್ತಿರ ಎಂದೆ. ಬಿಟ್ಟು ಹೋಗಿ ಎನ್ನಬೇಕಿತ್ತು. ಎನ್ನಲಿಲ್ಲ.

1.45

ರೆಮಿಜಿಯಸ್ ಅಂಕಲ್. "ಮಕ್ಕಳು ಅಳ್ತಾ ಇದ್ದಾವೆ ಗೇಬ್ರಿಯಲ್. ಎಲ್ಲ ನಿನಗೆ ಬೈತಾ ಇದ್ದಾರೆ. ನಾನು ಎಂತ ಹೇಳಲಿ?"

ಅವಳ ಡ್ಯೂಟಿ ಬಿಡಲು ಇನ್ನೂ ಕಾಲು ಗಂಟೆ ಎಂದೆ.

"ಇದ್ದದ್ದು ಹೇಳಲಾ?"

ಬೇಡ ಎನ್ನಲು ಬಾಯಿ ಬರಲಿಲ್ಲ. ಅವರು ಕಾದರು. ಆಮೇಲೆ ಫೋನ್ ಇಟ್ಟರು.

2.05

ತಿರುವಿನಲ್ಲಿ ನಮ್ಮ ಬಸ್ಸು. ಈ ಕಡೆಗೇ ಬರುತ್ತಿದೆ. ಕಿಟಕಿಗಳಲ್ಲೆಲ್ಲ ಮುಖಗಳು – ಯಾರೂ ಬೈಯುತ್ತಿರುವ ಹಾಗೆ ಕಾಣುವುದಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಂಡು ಇಳಿಯಲು ಏಳುತ್ತಿದ್ದಾರೆ.

ಬೆನಿಟಾ ಮೆಟ್ಟಿಲು ಇಳಿಯುತ್ತಿದ್ದಾಳೆ. ನನ್ನನ್ನು ಕಂಡು ಕೈ ಎತ್ತಿದಳು. ಬಸ್ಸನ್ನು ಇನ್ನೂ ನೋಡಿಲ್ಲ. ಅದರ ಬಾಗಿಲು ತೆರೆಯುವ ಮೊದಲು ನಾನೇ ಅವಳಿಗೆ ಹೇಳಬೇಕು – ಅವರಿಗೆಲ್ಲ ಗೊತ್ತಾಗಿದೆ ಎಂದು.