ಹೊಸ್ತಿಲಿಗೆ ಅಡ್ಡ ಮಲಗಿದವಳು

ನಾರಿನ್ ಬಸ್ ನಿಲ್ದಾಣ, ಶುಕ್ರವಾರ

ಮಗಳೇ ಬುರುಲ್,

ಹುಡುಗಿಯರನ್ನು ಹೊತ್ತೊಯ್ದು ಮದುವೆಯಾಗುವುದು ನಿಲ್ಲಬೇಕೆಂದು ಸಂಸತ್ತಿನ ಹೆಂಗಸರೆಲ್ಲ ಸೇರಿ ನಿರ್ಣಯ ಮಾಡಿದ್ದನ್ನು ಮೊನ್ನೆ ರೇಡಿಯೋದಲ್ಲಿ ಕೇಳಿದೆ. ಅದನ್ನು ಓದಿದ ದನಿ ನಿನ್ನದೇ. ನೆಗಡಿ ಇನ್ನೂ ಹೋಗಿಲ್ಲವೇ?

ಇವತ್ತು ಬೆಳಿಗ್ಗೆ ನಿನ್ನ ಅಣ್ಣನ ಮಗ ತಲಾಯ್ ಒಬ್ಬಳನ್ನು ಹೊತ್ತು ತಂದ. "ತಂಗಿ ಮಾಡಿದ ನಿರ್ಣಯ ರಾಜಧಾನಿಗೆ, ಈ ಹೊಸ್ತಿಲು ನಮ್ದು," ಅಂದ ನಿನ್ನ ಅಣ್ಣ. ಹುಡುಗಿ ತಲೆಗೆ ಹೊದಿಸಿದ ಮದುವಣಗಿತ್ತಿಯ ಬಿಳಿ ವಸ್ತ್ರ ಕಿತ್ತೆಸೆದು ಬಾಗಿಲಿಗೆ ಓಡಿದಳು. ಮನೆಗೆ ಹಿರಿಯಳೆಂದು ನನ್ನನ್ನು ಹೊಸ್ತಿಲಿಗೆ ಅಡ್ಡ ಮಲಗಿಸಿದರು. ಮುದುಕಿಯನ್ನು ದಾಟಿದರೆ ಶಾಪ ತಟ್ಟುತ್ತದಲ್ಲ, ಅವಳು ನಿಂತುಬಿಟ್ಟಳು.

ನಾನು ಕೈ ಚಾಚಿದೆ. "ಸೊಂಟ ಹಿಡ್ಕೊಂಡಿದೆ, ಎಬ್ಸಮ್ಮ," ಅಂದೆ. ಎಬ್ಬಿಸಿದಳು. ಅವಳ ಹೆಗಲು ಹಿಡಿದು ಇಲ್ಲಿಯವರೆಗೂ ನಡೆದು ಬಂದೆ. ಹೆತ್ತ ತಾಯಿಯನ್ನು ತಳ್ಳುವ ಧೈರ್ಯ ನಿನ್ನ ಅಣ್ಣನಿಗೆ ಬರಲಿಲ್ಲ.

ಈ ಪತ್ರ ತಂದವಳೇ ಅವಳು, ಐಜಿರೆಕ್. ಬೇರೆ ಮನೆಯ ಹೊಸ್ತಿಲು ತುಳಿದವಳನ್ನು ತವರಿನವರು ಒಳಗೆ ಸೇರಿಸುತ್ತಾರೋ ಇಲ್ಲವೋ. ಮೊದಲು ಊಟ ಹಾಕು, ಪ್ರಶ್ನೆ ಆಮೇಲೆ. ಅವಳ ಕಾಲಲ್ಲಿರುವುದು ನನ್ನ ಬೂಟು, ಅವಳದನ್ನು ಬಚ್ಚಿಟ್ಟಿದ್ದರು.

ನಿಮ್ಮ ನಿರ್ಣಯಕ್ಕೆ ಇನ್ನೊಂದು ಸಾಲು ಸೇರಿಸು: ಮುದುಕಿಯರು ಹೊಸ್ತಿಲಿಗೆ ಅಡ್ಡ ಮಲಗಬಾರದು. ಗಂಡಸರು ಕೇಳಲಿಕ್ಕಿಲ್ಲ, ನಾವು ಕೇಳುತ್ತೇವೆ. ಎದ್ದು ನಿಲ್ಲುವುದಕ್ಕೆ ನಮಗೂ ಒಂದು ನೆಪ ಬೇಕು.

ನಿನ್ನ ಅಮ್ಮ,
ಬುಬುಸಾರಾ